ಎಲುಬುಗಳೂ ಮಾಂಸವೂ: ಚಾರ್ಲ್ಸ್ ಸಿಮಿಯನ್ನರ ಪ್ರಸಂಗ ರೂಪರೇಖೆಗಳು

ಪ್ರಸಂಗ ಸಿದ್ಧತೆಯಲ್ಲಿ ಸಭಾಪಾಲಕರಿಗೆ ನೆರವಾಗುವ ಗ್ರಂಥಗಳು ಸಭೆಯ ಚರಿತ್ರೆಯಲ್ಲಿ ಹೊಸವಲ್ಲ. ಅವುಗಳ ಕುರಿತು ಏಳುವ ಸಂದೇಹವೂ ಹೊಸದಲ್ಲ. ಮತ್ತೊಬ್ಬರು ಧ್ಯಾನಿಸಿ ಬರೆದುದನ್ನು ಕೈಯಲ್ಲಿ ಹಿಡಿದು ಪ್ರಸಂಗಪೀಠವನ್ನೇರುವವನು ದೇವರ ವಾಕ್ಯವನ್ನು ಸಾರುತ್ತಾನೆಯೇ, ಅಥವಾ ಸಾರಿದಂತೆ ತೋರಿಸಿಕೊಳ್ಳುತ್ತಾನೆಯೇ? ಶನಿವಾರ ರಾತ್ರಿ ಅಂಗೈಯಲ್ಲಿರುವ ಫೋನಿನಲ್ಲಿಯೇ ಸಿದ್ಧ ಪ್ರಸಂಗ ದೊರೆಯುವ ಈ ಕಾಲದಲ್ಲಿ ಈ ಪ್ರಶ್ನೆ ನಮ್ಮ ಸೆಮಿನರಿಗಳಲ್ಲಿಯೂ ಸಭೆಗಳಲ್ಲಿಯೂ ಹೆಚ್ಚು ತೀವ್ರವಾಗಿದೆ. ಅದನ್ನು ತೂಗಿ ನೋಡಲು ನಾವು ಇಲ್ಲಿ ಕೇಂಬ್ರಿಡ್ಜಿನ ಸಭಾಪಾಲಕ ಚಾರ್ಲ್ಸ್ ಸಿಮಿಯನ್ (1759–1836) ಅವರ ಕಾರ್ಯವನ್ನು ಪರಿಶೀಲಿಸುತ್ತೇವೆ. ಸುವಾರ್ತಾ ಪರಂಪರೆಯಲ್ಲಿ ಪ್ರಸಂಗಿಗಳ ನೆರವಿಗಾಗಿ ಅವರಷ್ಟು ದೀರ್ಘಕಾಲ ದುಡಿದವರು ವಿರಳ.

ಮೊದಲು ಹಿನ್ನೆಲೆಯನ್ನು ಗಮನಿಸೋಣ. ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥದ ನಾಲ್ಕನೆಯ ಭಾಗದ ಕೊನೆಯಲ್ಲಿ ಸಂತ ಅಗಸ್ಟೀನರು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದಾರೆ. ಚೆನ್ನಾಗಿ ನುಡಿಯಬಲ್ಲರೂ ಸ್ವತಃ ರಚಿಸಲಾರದವರು ಇತರರ ಪ್ರಸಂಗಗಳನ್ನು ಕಲಿತು ಜನರಿಗೆ ಒಪ್ಪಿಸಬಹುದೆಂಬುದು ಅವರ ಅಭಿಪ್ರಾಯ. ಪರಸ್ಪರ ವಾಕ್ಯಗಳನ್ನು ಕದಿಯುವ ಪ್ರವಾದಿಗಳನ್ನು ಖಂಡಿಸುವ ಯೆರೆಮೀಯನ ಮಾತನ್ನು ಅವರು ಮರೆತಿಲ್ಲ. ಆದರೆ ದೇವರ ವಾಕ್ಯವು ಅದಕ್ಕೆ ವಿಧೇಯರಾಗುವವರಿಗೆ ಪರಕೀಯ ಸ್ವತ್ತಲ್ಲ. ಒಳ್ಳೆಯದನ್ನು ನುಡಿದು ಕೆಟ್ಟದಾಗಿ ಬಾಳುವವನೇ ಕಳ್ಳನೆಂದು ಅವರು ವಾದಿಸುತ್ತಾರೆ. ಮಾರ್ಟಿನ್ ಲೂಥರರು ವಾರ್ಟ್‌ಬರ್ಗ್ ಕೋಟೆಯಲ್ಲಿದ್ದಾಗ, 1521–22ರಲ್ಲಿ, ಬರೆಯತೊಡಗಿದ ಪ್ರಸಂಗಮಾಲೆಯು ತರಬೇತಿಯಿಲ್ಲದ ಬೋಧಕರಿಗೆ ಆಸರೆಯಾಯಿತು. ಇಂಗ್ಲೆಂಡಿನಲ್ಲಿ ಆರ್ಚ್‌ಬಿಷಪ್ ಕ್ರಾನ್ಮರರ ನೇತೃತ್ವದಲ್ಲಿ 1547ರಲ್ಲಿ 12 ಪ್ರಸಂಗಗಳ ಅಧಿಕೃತ ಸಂಗ್ರಹವು ಹೊರಬಂದು, ಅವನ್ನು ಸಭೆಗಳಲ್ಲಿ ಓದಬೇಕೆಂದು ಆಜ್ಞೆಯಾಯಿತು. ಇಲ್ಲೆಲ್ಲ ಯಾವ ಮರೆಮಾಚುವಿಕೆಯೂ ಇರಲಿಲ್ಲ. ತಾವು ಕೇಳುತ್ತಿರುವುದು ಸಭೆ ಒದಗಿಸಿದ ಬೋಧನೆಯೆಂಬುದು ಕೇಳುವವರಿಗೆ ತಿಳಿದಿತ್ತು.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಪರಿಸ್ಥಿತಿ ಬದಲಾಯಿತು. 1769ರಲ್ಲಿ ಜಾನ್ ಟ್ರಸ್ಲರ್ ಎಂಬ ಪಾದ್ರಿ ಸುಮಾರು 150 ಪ್ರಸಂಗಗಳನ್ನು, ಒಂದಕ್ಕೆ ಒಂದು ಶಿಲಿಂಗಿನಂತೆ ಮಾರುವ ಯೋಜನೆಯನ್ನು ಪ್ರಕಟಿಸಿದರು. ಅವು ಕೈಬರಹವನ್ನು ಹೋಲುವ ಅಚ್ಚಿನಲ್ಲಿ ಮುದ್ರಿತವಾಗುವಂಥವು. ಅಧ್ಯಯನದ ಶ್ರಮವೂ ನಕಲು ಮಾಡುವ ಶ್ರಮವೂ ಸಭಾಪಾಲಕನಿಗೆ ತಪ್ಪುತ್ತಿತ್ತು. ಹಾಳೆಯತ್ತ ಕಣ್ಣು ಹಾಯಿಸಿದವರಿಗೂ ಅದು ಅವನೇ ಬರೆದುದೆಂದು ತೋರುತ್ತಿತ್ತು. ಅಗಸ್ಟೀನರು ಅನುಮತಿಸಿದ ನೆರವಿಗೂ ಈ ವ್ಯಾಪಾರಕ್ಕೂ ಇರುವ ಅಂತರವನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸಿಮಿಯನ್ನರು ಸೇವೆಗೆ ಕಾಲಿಟ್ಟದ್ದು ಇಂಥ ವಾತಾವರಣದಲ್ಲಿ.

ಅವರನ್ನು ವಿಶ್ವಾಸಕ್ಕೆ ನಡೆಸಿದ್ದೂ ಒಂದು ಬೋಧನಾ ಪುಸ್ತಕವೇ ಎಂಬುದು ಗಮನಾರ್ಹ. 1779ರಲ್ಲಿ ಕಿಂಗ್ಸ್ ಕಾಲೇಜನ್ನು ಸೇರಿದ ಯುವಕನಿಗೆ, ಕಾಲೇಜಿನ ನಿಯಮದಂತೆ ತಾನು ಕರ್ತನ ಭೋಜನದಲ್ಲಿ ಪಾಲುಗೊಳ್ಳಲೇಬೇಕೆಂದು ತಿಳಿದುಬಂತು. ಭಯಗೊಂಡ ಅವರು ಸಿದ್ಧತೆಗಾಗಿ ಪುಸ್ತಕಗಳನ್ನು ಹುಡುಕಿದರು. ಸಾಮಾನ್ಯ ಸಭಿಕರಿಗಾಗಿ ಬಿಷಪ್ ಥಾಮಸ್ ವಿಲ್ಸನರು ಕರ್ತನ ಭೋಜನದ ಬಗ್ಗೆ ಬರೆದ ಪುಸ್ತಕದಲ್ಲಿ, ಇಸ್ರಾಯೇಲ್ಯರು ತಮ್ಮ ಪಾಪವನ್ನು ಯಜ್ಞಪಶುವಿನ ತಲೆಯ ಮೇಲೆ ಹೊರಿಸುತ್ತಿದ್ದರೆಂಬ ವಿಚಾರ ಅವರ ಕಣ್ಣಿಗೆ ಬಿತ್ತು. ತನ್ನ ಪಾಪಭಾರವನ್ನು ಕ್ರಿಸ್ತನ ಮೇಲೆ ಹೊರಿಸಬಹುದೆಂಬ ಅರಿವು ಆ ಶ್ರಮವಾರದಲ್ಲಿ ಮೂಡಿ, ಪುನರುತ್ಥಾನದ ಭಾನುವಾರ ನೆಮ್ಮದಿಯಾಗಿ ನೆಲೆಗೊಂಡಿತು. ಒಂದು ಸರಳ ಪುಸ್ತಕವು ದೇವರ ಕೈಯಲ್ಲಿ ಏನು ಮಾಡಬಲ್ಲದೆಂದು ಅವರು ಸ್ವಾನುಭವದಿಂದ ಬಲ್ಲವರಾಗಿದ್ದರು.

1782ರಲ್ಲಿ, 23ನೆಯ ವಯಸ್ಸಿನಲ್ಲಿ, ಅವರು ಕೇಂಬ್ರಿಡ್ಜಿನ ಹೋಲಿ ಟ್ರಿನಿಟಿ ದೇವಾಲಯದ ಹೊಣೆ ಹೊತ್ತರು. ಸಭೆಯವರು ಬಯಸಿದ್ದು ಬೇರೊಬ್ಬರನ್ನು. ಆಸನಗಳ ಒಡೆಯರು ಬಾಗಿಲುಗಳಿಗೆ ಬೀಗ ಹಾಕಿ ಮನೆಯಲ್ಲುಳಿದರು. ಸಿಮಿಯನ್ನರು ಸ್ವಂತ ಖರ್ಚಿನಲ್ಲಿ ಇಡಿಸಿದ ಬೆಂಚುಗಳನ್ನು ದೇವಾಲಯದ ಮೇಲ್ವಿಚಾರಕರು ಹೊರಗೆಸೆದರು. ಕೇಳಬಂದವರು ನಡುದಾರಿಯಲ್ಲಿ ನಿಂತೇ ಕೇಳಿದರು. ಆದರೂ ಅವರು ಆ ಸಭೆಯನ್ನು ಬಿಡದೆ, ಸಾಯುವವರೆಗೆ, 54 ವರ್ಷ, ಅಲ್ಲಿಯೇ ಸೇವೆ ಮಾಡಿದರು.

ಹೊರಗಿನ ಈ ವಿರೋಧಕ್ಕಿಂತ ಕಡಿಮೆಯಲ್ಲದ ಒಂದು ಒಳಗಿನ ಕೊರತೆಯೂ ಅವರನ್ನು ಕಾಡುತ್ತಿತ್ತು. ಪ್ರಸಂಗವನ್ನು ಹೇಗೆ ಕಟ್ಟಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಆಗಿನ ಇಂಗ್ಲೆಂಡಿನಲ್ಲಿ ವಿಶ್ವವಿದ್ಯಾಲಯದ ಪದವಿಯೇ ಅಭಿಷೇಕಕ್ಕೆ ಸಾಕಾಗಿತ್ತು. ಪ್ರಸಂಗ ಕಲೆಯ ತರಬೇತಿ ಪಠ್ಯದಲ್ಲಿರಲಿಲ್ಲ. ಆರಂಭದ ವರ್ಷಗಳಲ್ಲಿ ಪ್ರಸಂಗಕ್ಕೆ ತಲೆ ಯಾವುದು ಬಾಲ ಯಾವುದು ಎಂದೇ ತಮಗೆ ತಿಳಿದಿರಲಿಲ್ಲವೆಂದು ಅವರು ಮುಂದೆ ನೆನೆದುಕೊಂಡರು. ಸ್ವಪ್ರಯತ್ನದಿಂದ ಕೆಲವು ನಿಯಮಗಳನ್ನು ಕಂಡುಕೊಂಡ ಮೇಲೆ ಅವರ ಕೈಗೆ ಝಾನ್ ಕ್ಲೋಡರ ಪ್ರಬಂಧ ಬಂತು. ಕ್ಲೋಡರು ಫ್ರಾನ್ಸಿನ ಪ್ರೊಟೆಸ್ಟೆಂಟ್ ಬೋಧಕರು; 1685ರಲ್ಲಿ ನಾಂಟ್ ಶಾಸನ ರದ್ದಾದಾಗ ದೇಶಭ್ರಷ್ಟರಾಗಿ 1687ರಲ್ಲಿ ಹಾಲೆಂಡಿನಲ್ಲಿ ತೀರಿಕೊಂಡರು. ಪ್ರಸಂಗ ರಚನೆಯನ್ನು ಕುರಿತ ಅವರ ಪ್ರಬಂಧವನ್ನು ಕೇಂಬ್ರಿಡ್ಜಿನ ಬ್ಯಾಪ್ಟಿಸ್ಟ್ ಬೋಧಕ ರಾಬರ್ಟ್ ರಾಬಿನ್ಸನ್ ಇಂಗ್ಲಿಷಿಗೆ ತಂದಿದ್ದರು. ತಾವು ತಡಕಾಡುತ್ತಾ ಕಂಡುಕೊಂಡ ದಾರಿಯೇ ಅಲ್ಲಿ ಕ್ರಮಬದ್ಧವಾಗಿರುವುದನ್ನು ಸಿಮಿಯನ್ನರು ಕಂಡರು. ಹೀಗೆ ಫ್ರೆಂಚ್ ಸುಧಾರಿತ ಸಭೆಯ ಶಿಕ್ಷಣವು ಒಬ್ಬ ಬ್ಯಾಪ್ಟಿಸ್ಟರ ಕೈಯಿಂದ ಆಂಗ್ಲಿಕನ್ ಸಭೆಯನ್ನು ತಲುಪಿತು.

1796ರಲ್ಲಿ ಸಿಮಿಯನ್ನರು ರಾಬಿನ್ಸನ್ನರ ದೀರ್ಘ ಟಿಪ್ಪಣಿಗಳನ್ನು ತೆಗೆದುಹಾಕಿ, ಕ್ಲೋಡರ ಪ್ರಬಂಧದೊಂದಿಗೆ ತಮ್ಮ 100 ರೂಪರೇಖೆಗಳನ್ನು ಪ್ರಕಟಿಸಿದರು. 1801–02ರಲ್ಲಿ 500 ರೂಪರೇಖೆಗಳು ಬಂದವು. ಬಳಿಕ ‘ಹೋರೆ ಹೋಮಿಲೆಟಿಕೇ’ ಎಂಬ ಹೆಸರಿನಲ್ಲಿ ಮಹಾಗ್ರಂಥವೇ ರೂಪುಗೊಂಡು, 1832–33ರ ಆವೃತ್ತಿಯಲ್ಲಿ 21 ಸಂಪುಟಗಳಿಗೂ 2536 ರೂಪರೇಖೆಗಳಿಗೂ ಬೆಳೆಯಿತು. ಆದಿಕಾಂಡದಿಂದ ಪ್ರಕಟನೆಯವರೆಗೆ ಸತ್ಯವೇದದ ಉದ್ದಕ್ಕೂ ಸಾಗುವ ಇವನ್ನು ದಿನಕ್ಕೊಂದರಂತೆ ಓದಿದರೆ ಮುಗಿಸಲು ಸುಮಾರು 7 ವರ್ಷ ಬೇಕು.

ಈ ರೂಪರೇಖೆಗಳಿಗೆ ಅವರು ಕೊಟ್ಟ ಹೆಸರು ‘ಅಸ್ಥಿಪಂಜರ’. ಪ್ರತಿಯೊಂದರಲ್ಲಿಯೂ ವಾಕ್ಯಭಾಗ, ಸಂಕ್ಷಿಪ್ತ ಪೀಠಿಕೆ, ವಾಕ್ಯದೊಳಗಿಂದಲೇ ಹುಟ್ಟಿದ ಎರಡು ಮೂರು ವಿಭಾಗಗಳು, ಅವುಗಳಿಗೆ ಉಪವಿಭಾಗಗಳು, ಕೊನೆಗೆ ಬೇರೆ ಬೇರೆ ಸ್ಥಿತಿಯಲ್ಲಿರುವ ಕೇಳುಗರಿಗೆ ಅನ್ವಯ, ಹೀಗೆ ಒಂದು ಕ್ರಮವಿದೆ. ಟ್ರಸ್ಲರರು ಪೂರ್ಣ ಪ್ರಸಂಗವನ್ನು ಮಾರಿದರು. ಸಿಮಿಯನ್ನರು ಎಲುಬುಗಳನ್ನಷ್ಟೇ ಕೊಟ್ಟರು. ಎಲುಬಿನ ಗೂಡನ್ನು ಯಾರೂ ಸಭೆಯ ಮುಂದೆ ಹಾಗೆಯೇ ನಿಲ್ಲಿಸಲಾರರು. ನರಗಳನ್ನೂ ಮಾಂಸವನ್ನೂ ಚರ್ಮವನ್ನೂ ಹೊದಿಸುವ ಕೆಲಸ ಪ್ರಸಂಗಿಯ ಪಾಲಿಗೆ ಉಳಿಯುತ್ತದೆ. ಉಸಿರನ್ನು ಕೊಡುವುದಂತೂ, ಯೆಹೆಜ್ಕೇಲನು ಕಂಡ ಕಣಿವೆಯಲ್ಲಿ ಆದಂತೆ, ದೇವರ ಆತ್ಮನ ಕಾರ್ಯ. ಶ್ರಮವನ್ನು ತಪ್ಪಿಸುವುದು ಈ ಗ್ರಂಥದ ಉದ್ದೇಶವಾಗಿರಲಿಲ್ಲ. ಶ್ರಮಕ್ಕೆ ದಾರಿ ತೋರಿಸುವುದಾಗಿತ್ತು.

ಮುದ್ರಿತ ಪುಟದಷ್ಟರಿಂದಲೇ ಅವರು ತೃಪ್ತರಾಗಲಿಲ್ಲ. ಅಭಿಷೇಕವನ್ನು ಬಯಸುವ ವಿದ್ಯಾರ್ಥಿಗಳನ್ನು ಕಾಲೇಜಿನ ತಮ್ಮ ಕೋಣೆಗೆ ಕರೆದು ಪ್ರಸಂಗ ತರಗತಿ ನಡೆಸಿದರು. ಒಂದು ವಾಕ್ಯಭಾಗವನ್ನು ಮುಂದಾಗಿ ಕೊಡುವುದು, ಪ್ರತಿಯೊಬ್ಬನೂ ತನ್ನ ರೂಪರೇಖೆಯನ್ನು ಬರೆದು ತರುವುದು, ಅದನ್ನು ಒಟ್ಟಾಗಿ ಪರಿಶೀಲಿಸುವುದು, ಇದು ಅಲ್ಲಿನ ಪದ್ಧತಿ. ಹೀಗೆ ಶಿಷ್ಯನು ಮೊದಲು ತಾನೇ ಎಲುಬುಗಳನ್ನು ಜೋಡಿಸಲು ಕಲಿಯುತ್ತಿದ್ದನು. ಅವರಿಂದ ಪ್ರಭಾವಿತರಾದ ಹೆನ್ರಿ ಮಾರ್ಟಿನ್, ಡೇನಿಯಲ್ ಕೊರಿ, ಥಾಮಸ್ ಥಾಮಸನ್ ಮುಂತಾದವರು ಈಸ್ಟ್ ಇಂಡಿಯಾ ಕಂಪನಿಯ ಚಾಪ್ಲಿನ್‌ಗಳಾಗಿ ಭಾರತಕ್ಕೆ ಬಂದರು. 1806ರಲ್ಲಿ ಇಲ್ಲಿಗೆ ತಲುಪಿದ ಮಾರ್ಟಿನರು ಹೊಸ ಒಡಂಬಡಿಕೆಯನ್ನು ಉರ್ದುವಿಗೂ ಪಾರಸಿಗೂ ಅನುವಾದಿಸಿ, 1812ರಲ್ಲಿ ತೋಕಾತಿನಲ್ಲಿ ಪ್ರಾಣಬಿಟ್ಟರು.

ಸಿಮಿಯನ್ನರು ತಮ್ಮ ಕೃತಿಗೆ ಇಟ್ಟ ಅಳತೆಗೋಲು ಮೂರು ಮುಖದ್ದು: ಪ್ರಸಂಗವು ಪಾಪಿಯನ್ನು ತಗ್ಗಿಸುತ್ತದೆಯೇ, ರಕ್ಷಕನನ್ನು ಎತ್ತಿಹಿಡಿಯುತ್ತದೆಯೇ, ಪರಿಶುದ್ಧ ಜೀವಿತಕ್ಕೆ ನಡೆಸುತ್ತದೆಯೇ? ಕ್ಯಾಲ್ವಿನ್ ಮತ್ತು ಅರ್ಮಿನಿಯಸರ ಅನುಯಾಯಿಗಳು ತೀವ್ರವಾಗಿ ವಾದಿಸುತ್ತಿದ್ದ ಆ ಕಾಲದಲ್ಲಿ, ಯಾವ ವಾಕ್ಯವನ್ನೂ ಒಂದು ಸಿದ್ಧಾಂತದ ಚೌಕಟ್ಟಿಗೆ ಬಗ್ಗಿಸಬಾರದೆಂಬುದು ಅವರ ನಿಲುವು. ದೇವರ ಆಯ್ಕೆಯನ್ನು ಹೇಳುವ ವಾಕ್ಯವೂ ಮನುಷ್ಯನ ಹೊಣೆಯನ್ನು ಹೇಳುವ ವಾಕ್ಯವೂ ತಂತಮ್ಮ ಪೂರ್ಣ ಬಲದಿಂದ ನುಡಿಯಬೇಕು. ಸತ್ಯವೇದದಲ್ಲಿ ಇರುವುದನ್ನು ಹೊರತೆಗೆಯುವುದೇ ಪ್ರಸಂಗಿಯ ಕೆಲಸ, ಇರಬಹುದೆಂದು ತಾನೆಣಿಸಿದ್ದನ್ನು ಒಳತುರುಕುವುದಲ್ಲ ಎಂದು ಅವರು ನಂಬಿದ್ದರು.

ಈ ಗ್ರಂಥದ ಮಿತಿಗಳನ್ನು ನಾವು ಮರೆಮಾಚಬೇಕಿಲ್ಲ. ಕೀರ್ತನೆಯ ಗೋಳಾಟ, ಸಾಮ್ಯದ ತಿರುವು, ರೂತಳ ಕಥೆಯ ಮೆಲ್ಲನೆಯ ನಡೆ, ಇವೆಲ್ಲವೂ ಒಂದೇ ಬಗೆಯ ವಿಭಾಗಗಳಾಗಿ ಒಡೆದಾಗ ವಾಕ್ಯಭಾಗದ ಸ್ವಂತ ಆಕಾರ ಕರಗಿಹೋಗುತ್ತದೆ. ಸೋಮಾರಿಯಾದವನ ಕೈಯಲ್ಲಿ ಎಲುಬುಗಳೂ ಊರುಗೋಲಾಗಬಲ್ಲವು. 2536 ರೂಪರೇಖೆಗಳಿರುವಾಗ 2537ನೆಯದನ್ನು ತಾನೇ ಬರೆಯಬೇಕೆಂಬ ಒತ್ತಾಯ ಅವನಿಗಿರದು. ಆದಕಾರಣ ಅವರ ತರಗತಿಯನ್ನು ಬಿಟ್ಟು ಸಂಪುಟಗಳನ್ನು ಮಾತ್ರ ಪಡೆದವರು ಅವರ ಕೊಡುಗೆಯ ಅರ್ಧವನ್ನಷ್ಟೇ ಪಡೆದರೆನ್ನಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಸಿಮಿಯನ್ನರಿಗೆ ತಾವು ಋಣಿಯೆಂದು ಹೇಳಿಕೊಂಡ ಜಾನ್ ಸ್ಟಾಟರು 1969ರಲ್ಲಿ ಲ್ಯಾಂಗಮ್ ಟ್ರಸ್ಟನ್ನು ಸ್ಥಾಪಿಸಿದರು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಸಭಾಪಾಲಕರಿಗೂ ಸೆಮಿನರಿಗಳಿಗೂ ಪುಸ್ತಕಗಳನ್ನು ಒದಗಿಸುವುದು, ಅಲ್ಲಿನ ವಿದ್ವಾಂಸರಿಗೆ ಉನ್ನತ ವ್ಯಾಸಂಗದಲ್ಲಿ ನೆರವಾಗುವುದು ಅವರ ಕಾರ್ಯದ ಅಂಗಗಳಾದವು. 2015ರಲ್ಲಿ ದಕ್ಷಿಣ ಏಷ್ಯಾದ ವಿದ್ವಾಂಸರು ಬರೆದ ಒಂದೇ ಸಂಪುಟದ ಸತ್ಯವೇದ ವ್ಯಾಖ್ಯಾನವು ಇಂಗ್ಲಿಷಿನಲ್ಲಿ ಹೊರಬಂತು. ನೆರವನ್ನು ಪಡೆಯುತ್ತಿದ್ದ ನೆಲವು ತಾನೇ ನೆರವು ನೀಡತೊಡಗಿದ್ದಕ್ಕೆ ಇದೊಂದು ಗುರುತು.

ಕನ್ನಡದಲ್ಲಿ ಸಾರುವ ನಮಗೆ ಈ ಚರಿತ್ರೆಯಲ್ಲಿ ಇನ್ನೊಂದು ಪಾಠವೂ ಇದೆ. ನಮ್ಮಲ್ಲಿ ಬಹುಮಂದಿ ಇಂಗ್ಲಿಷ್ ಗ್ರಂಥಗಳಿಂದ ಪ್ರಸಂಗವನ್ನು ಸಿದ್ಧಪಡಿಸುತ್ತಾರೆ. ಅಲ್ಲಿಂದ ಎಲುಬುಗಳನ್ನು ತರುವುದು ತಪ್ಪಲ್ಲ. ಮಾಂಸವನ್ನೂ ಅಲ್ಲಿಂದಲೇ ತಂದಾಗ ಸಭೆಗೆ ಅದು ಅನ್ಯವಾಗಿ ಕೇಳಿಸುತ್ತದೆ. ಈ ನಾಡಿಗೆ ಹೊರಗಿನಿಂದ ಬಂದ ಫರ್ಡಿನಂಡ್ ಕಿಟ್ಟೆಲರು 1862ರ ತಮ್ಮ ‘ಕಥಾಮಾಲೆ’ಯಲ್ಲಿ ಯೇಸುಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಲು ಶ್ರಮಿಸಿದರು. ಈ ಭಾಷೆಯಲ್ಲಿಯೇ ಹುಟ್ಟಿ ಬೆಳೆದ ನಾವು ಅದಕ್ಕಿಂತ ಕಡಿಮೆ ಶ್ರಮ ಪಟ್ಟರೆ ಸಾಕೆನ್ನಲಾಗದು.

ಆದ್ದರಿಂದ ಯಾವ ಬೋಧನಾ ಸಾಮಗ್ರಿಯನ್ನು ಕೈಗೆತ್ತಿಕೊಂಡರೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯುಕ್ತ. ಇದು ನನ್ನನ್ನು ಸತ್ಯವೇದದ ಪುಟಕ್ಕೆ ಹಿಂದಿರುಗಿಸುತ್ತದೆಯೇ, ಅಥವಾ ಅದರಿಂದ ಬಿಡುಗಡೆ ಕೊಡುತ್ತದೆಯೇ? ಹಿಂದಿನ ಸಾಲಿನಲ್ಲಿ ಕುಳಿತ ಕೂಲಿಯವಳು ಸತ್ಯವೇದವನ್ನು ತೆರೆದರೆ, ನಾನು ಹೇಳಿದ ಪ್ರತಿಯೊಂದು ಅಂಶವೂ ಅಲ್ಲಿ ಎಲ್ಲಿಂದ ಬಂತೆಂದು ಅವಳಿಗೆ ಕಾಣಿಸುವುದೇ? ನೆರವನ್ನು ಪಡೆದಲ್ಲಿ ಅದನ್ನು ಪಡೆದೆವೆಂದು ಸಭೆಯ ಮುಂದೆ ಹೇಳಲೂ ನಾವು ಹಿಂಜರಿಯಬಾರದು. ಸೆಮಿನರಿಯ ಪ್ರಸಂಗ ತರಗತಿಗಳಲ್ಲಿ ವಿದ್ಯಾರ್ಥಿಯು ಮೊದಲು ವಾಕ್ಯಭಾಗದೊಂದಿಗೆ ಒಬ್ಬನೇ ಕುಳಿತು ತನ್ನ ರೂಪರೇಖೆಯನ್ನು ಬರೆಯಲಿ. ಅನಂತರವೇ ವ್ಯಾಖ್ಯಾನಗಳನ್ನು ತೆರೆದು ಹೋಲಿಸಲಿ. ಸಿಮಿಯನ್ನರು ತಮ್ಮ ಕೋಣೆಯಲ್ಲಿ ಯುವಕರಿಂದ ಮಾಡಿಸಿದ್ದು ಇದನ್ನೇ.