ಮನೆತಿಂಡಿ ಅಂಗಡಿ: ರುಚಿ, ದರ ಮತ್ತು ನಮ್ಮ ಹೊಣೆ



ಪತ್ತಿಕೊಂಡ, ಆದೋನಿ, ಆಲೂರು, ಎಮ್ಮಿಗನೂರು ಕಡೆಯ ಸದಸ್ಯರು ಹಬ್ಬ ಹತ್ತಿರ ಬಂತೆಂದರೆ ನಮ್ಮನ್ನು ಕೇಳುವುದು ಎರಡು ಪ್ರಶ್ನೆ. ಮನೆಯಲ್ಲಿ ಮಾಡಿದ ಜೋಳದ ರೊಟ್ಟಿ, ಚಟ್ನಿ ಪುಡಿ, ಶೇಂಗಾ ಹೋಳಿಗೆ ಎಲ್ಲಿ ಸಿಗುತ್ತದೆ? ಸಿಕ್ಕಿದ ಮೇಲೆ, ಅಷ್ಟೊಂದು ರೇಟು ಯಾಕೆ? ಮೊದಲನೆಯದಕ್ಕೆ ಊರಿಗೊಂದು ಉತ್ತರವಿದೆ. ಎರಡನೆಯದಕ್ಕೆ ಎಲ್ಲ ಊರಿಗೂ ಒಂದೇ ಉತ್ತರ. ಅದನ್ನು ಲೆಕ್ಕ ಸಮೇತ ಇಲ್ಲಿ ಕೊಟ್ಟಿದ್ದೇವೆ. ಕೊಳ್ಳುವವರಿಗೂ ಮಾಡಿ ಮಾರುವವರಿಗೂ ಉಪಯೋಗವಾಗಲಿ ಎಂಬುದು ನಮ್ಮ ಉದ್ದೇಶ.

ಯಾವುದು ಮನೆತಿಂಡಿ ಅಂಗಡಿ?

ತೆಲುಗು ಕಡೆಯ ಊರುಗಳಲ್ಲಿ ಇದನ್ನು ‘ಸ್ವಗೃಹ’ ಎನ್ನುತ್ತಾರೆ. ಬೆಂಗಳೂರು, ಮೈಸೂರು ಕಡೆ ‘ಕಾಂಡಿಮೆಂಟ್ಸ್’ ಎಂಬ ಬೋರ್ಡು ಇರುತ್ತದೆ. ಕಲಬುರಗಿ, ವಿಜಯಪುರದ ಕಡೆ ರೊಟ್ಟಿ ಕೇಂದ್ರ ಎಂದರೆ ಎಲ್ಲರಿಗೂ ಗೊತ್ತು. ಹೆಸರು ಬೇರೆಯಾದರೂ ವ್ಯವಹಾರ ಒಂದೇ. ಮನೆಯಲ್ಲೋ ಅಂಗಡಿಯ ಹಿಂದಿನ ಕೋಣೆಯಲ್ಲೋ ಕೈಯಿಂದ ಸ್ವಲ್ಪ ಸ್ವಲ್ಪವಾಗಿ ಮಾಡಿ, ಅದೇ ಬೀದಿಯವರಿಗೆ ಮಾರುವುದು. ಅನ್ನದ ಹೊತ್ತಿಗೆ ಪಲ್ಯ, ಸಾರು ಕಟ್ಟಿಕೊಡುವ ಕರ್ರಿ ಪಾಯಿಂಟ್ ಇದಕ್ಕೆ ನೆಂಟನಾದರೂ ಬೇರೆ. ಬೇಕರಿಯೂ ಬೇರೆ. ಮನೆತಿಂಡಿ ಅಂಗಡಿಯ ಸರಕು ವಾರಗಟ್ಟಲೆ ಇಟ್ಟುಕೊಂಡು ತಿನ್ನುವಂಥದ್ದು.

ಹೊರದೇಶಗಳಲ್ಲೂ ಇಂಥವು ಉಂಟು. ನ್ಯೂಯಾರ್ಕ್ ನಗರಕ್ಕೆ ಯುರೋಪಿನಿಂದ ವಲಸೆ ಹೋದ ಯಹೂದಿ ಕುಟುಂಬಗಳು ತಮ್ಮ ಊರಿನ ಉಪ್ಪಿನಕಾಯಿ, ಬ್ರೆಡ್ಡು, ಉಪ್ಪು ಹಾಕಿ ಹದ ಮಾಡಿದ ಮಾಂಸ ಮಾರಲು ಬೀದಿಗೊಂದರಂತೆ ‘ಡೆಲಿ’ ತೆರೆದವು. ಮುಂದೆ ಬಾಡಿಗೆ ಏರಿತು, ಮಕ್ಕಳು ಬೇರೆ ಉದ್ಯೋಗ ಹಿಡಿದರು, ಬಹಳಷ್ಟು ಅಂಗಡಿಗಳು ಮುಚ್ಚಿದವು. ಉಳಿದ ಕೆಲವಕ್ಕೆ ಈಗ ಜನ ದೂರದಿಂದ ಹುಡುಕಿಕೊಂಡು ಹೋಗುತ್ತಾರೆ. ಬೀದಿಯಲ್ಲೇ ಇದ್ದಾಗ ದುಬಾರಿ ಎಂದವರೇ ಮುಚ್ಚಿದ ಮೇಲೆ ಹುಡುಕುವುದು ನಮ್ಮ ಕಡೆಗೂ ಹೊಸದಲ್ಲ.

ಗಡಿಯ ತಿಂಡಿ, ಎರಡು ಹೆಸರು

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದವು. ಕಚೇರಿಯ ಭಾಷೆ ಬದಲಾಯಿತು, ಅಡಿಗೆ ಬದಲಾಗಲಿಲ್ಲ. ಪತ್ತಿಕೊಂಡದ ಸಂತೆಯಲ್ಲಿ ಎರಡು ಭಾಷೆಯಲ್ಲಿ ಕೇಳಿದರೂ ಒಂದೇ ಡಬ್ಬಿ ಮುಂದಕ್ಕೆ ಬರುತ್ತದೆ. ಹೊಸದಾಗಿ ಬಂದ ಸೊಸೆಯಂದಿರಿಗೆ, ವರ್ಗವಾಗಿ ಬಂದ ನೌಕರರಿಗೆ ಅನುಕೂಲವಾಗಲೆಂದು ಕೆಲವು ಹೆಸರು ಕೊಡುತ್ತೇವೆ. ಎಡಗಡೆ ಕನ್ನಡ, ಬಲಗಡೆ ತೆಲುಗು.

ಜೋಳದ ರೊಟ್ಟಿ – ಜೊನ್ನ ರೊಟ್ಟೆ
ಸಜ್ಜೆ ರೊಟ್ಟಿ – ಸಜ್ಜ ರೊಟ್ಟೆ
ಗುರೆಳ್ಳು – ವೆರ್ರಿ ನುವ್ವುಲು
ಅಗಸಿ – ಅವಿಸೆ ಗಿಂಜಲು
ಚಟ್ನಿ ಪುಡಿ – ಪೊಡಿ
ಹೋಳಿಗೆ – ಓಳಿಗಲು, ಬಕ್ಷಾಲು
ಸಂಡಿಗೆ – ವಡಿಯಾಲು
ಮಂಡಕ್ಕಿ – ಬೊರುಗುಲು

ಮಂಡಕ್ಕಿ ಒಗ್ಗರಣೆ ಇಲ್ಲಿ ಉಗ್ಗಾಣಿ. ಜೊತೆಗೆ ಮೆಣಸಿನಕಾಯಿ ಬಜ್ಜಿ ಇಲ್ಲದಿದ್ದರೆ ಅದು ಉಗ್ಗಾಣಿಯೇ ಅಲ್ಲ ಎನ್ನುವವರು ಗಡಿಯ ಎರಡೂ ಕಡೆ ಇದ್ದಾರೆ.

ಪಟ್ಟಿಯ ಎಡಗಡೆಯ ಮಾತುಗಳು ಮನೆಯಲ್ಲಿ ಉಳಿಯಬೇಕಾದರೆ ಆ ವಸ್ತು ಮನೆಗೆ ಬರುತ್ತಿರಬೇಕು. ತೆಲುಗು, ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮೊಮ್ಮಕ್ಕಳಿಗೆ ‘ಗುರೆಳ್ಳು’ ಎಂಬ ಮಾತು ಪುಸ್ತಕದಲ್ಲಿ ಸಿಗುವುದಿಲ್ಲ, ತಟ್ಟೆಯಲ್ಲಿ ಸಿಗಬೇಕು. ಆದ್ದರಿಂದ ಭಾಷೆಯ ಸಂಘವಾದ ನಾವು ತಿಂಡಿಯ ಅಂಗಡಿಯ ವಿಷಯ ಬರೆಯುವುದು ಅಸಂಗತವೇನಲ್ಲ.

ಹಿಂದಿನವರು ನಡೆಸಿದ ದಾರಿ

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಸುಬ್ಬಮ್ಮನ ಅಂಗಡಿ ಎಂದರೆ ಹಳಬರಿಗೆಲ್ಲ ಗೊತ್ತು. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಸುಬ್ಬಮ್ಮನವರು ಹಪ್ಪಳ ಮಾಡಿ ಮನೆ ಮನೆಗೆ ಮಾರುತ್ತಿದ್ದವರು, 1948ರಲ್ಲಿ ಅಂಗಡಿ ಇಟ್ಟರು. ಹಪ್ಪಳ, ಸಂಡಿಗೆ, ಹುರಿಹಿಟ್ಟು, ಕೋಡುಬಳೆಗೆ ಇಂದಿಗೂ ಅಲ್ಲಿ ಜನ ನಿಲ್ಲುತ್ತಾರೆ.

ಮುಂಬಯಿಯ ಗಿರ್‌ಗಾಂವ್‌ನಲ್ಲಿ 1959ರ ಮಾರ್ಚ್ 15ರಂದು ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಮಹಡಿಯ ಮೇಲೆ ಹಪ್ಪಳ ಲಟ್ಟಿಸಿದರು. ಅದೇ ಲಿಜ್ಜತ್. ಅಲ್ಲಿ ಲಟ್ಟಿಸುವವರೇ ಸಂಸ್ಥೆಯ ಪಾಲುದಾರರು. ಲಾಭ ನಷ್ಟ ಎರಡರಲ್ಲೂ ಅವರಿಗೆ ಪಾಲು.

ದರದ ವಿಷಯಕ್ಕೆ ನೆನಪಿಡಬೇಕಾದ್ದು ಎಂ.ಟಿ.ಆರ್. ಕಥೆ. 1924ರಲ್ಲಿ ಆರಂಭವಾದ ಆ ಹೋಟೆಲಿಗೆ 1975ರ ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ದರ ಇಳಿಸಬೇಕೆಂಬ ಸರ್ಕಾರಿ ಆದೇಶ ಅನ್ವಯವಾಯಿತು. ಗುಣ ಇಳಿಸಲು ಮಾಲೀಕರು ಒಪ್ಪಲಿಲ್ಲ. ನಷ್ಟದಲ್ಲಿ ಎಷ್ಟು ದಿನ ನಡೆಸಲಾದೀತು? ಹೋಟೆಲು ಮುಚ್ಚಬೇಕಾಯಿತು. ಸಾರಿನ ಪುಡಿ, ದಿಢೀರ್ ಮಿಶ್ರಣಗಳ ವ್ಯಾಪಾರ ಬೆಳೆದದ್ದು ಆ ಕಾಲದಲ್ಲಿ. ಅವರಿಗೆ ಇನ್ನೊಂದು ದಾರಿ ಇತ್ತು. ಮನೆಯ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ತಾಯಿಗೆ ದರ ಇಳಿಸಿದರೆ ಇನ್ನೊಂದು ದಾರಿ ಇರುವುದಿಲ್ಲ.

ನೂರು ರೊಟ್ಟಿಯ ಲೆಕ್ಕ

ಗುಮಾಸ್ತಿಕೆ ಮಾಡಿದವರಿಗೆ ಲೆಕ್ಕ ಬರೆಯದಿದ್ದರೆ ಸಮಾಧಾನವಿಲ್ಲ. ಕೆಳಗಿನ ದರಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ನಿಮ್ಮ ಊರಿನ ದರ ಹಾಕಿಕೊಂಡು ನೀವೇ ನೋಡಬಹುದು.

ಒಂದು ಕಿಲೋ ಜೋಳದ ಹಿಟ್ಟಿಗೆ ತೆಳ್ಳಗಿನ ಖಡಕ್ ರೊಟ್ಟಿ ಸುಮಾರು 15 ಆಗುತ್ತವೆ. ನೂರು ರೊಟ್ಟಿಗೆ 7 ಕಿಲೋ ಹಿಟ್ಟು ಬೇಕು.

ಹಿಟ್ಟು, 7 ಕಿಲೋ, ಕಿಲೋಗೆ 50ರಂತೆ – 350 ರೂ.
ಗ್ಯಾಸು – 120 ರೂ.
ಕವರು, ಪೇಪರು – 50 ರೂ.
ಒಟ್ಟು ಖರ್ಚು – 520 ರೂ.

ನೂರರಲ್ಲಿ 5 ಮುರಿಯುತ್ತವೆ ಎಂದಿಟ್ಟುಕೊಳ್ಳಿ. ಉಳಿದ 95ನ್ನು ತಲಾ 10 ರೂಪಾಯಿಗೆ ಮಾರಿದರೆ 950 ರೂ. ಬಂತು. ಖರ್ಚು ಕಳೆದು ಕೈಗೆ ಉಳಿದದ್ದು 430 ರೂ.

ಈಗ ಹೊತ್ತಿನ ಲೆಕ್ಕ. ಕೈ ಪಳಗಿದವರು ಗಂಟೆಗೆ 20 ರೊಟ್ಟಿ ಬಡಿದು ಬೇಯಿಸುತ್ತಾರೆ. ನೂರಕ್ಕೆ 5 ಗಂಟೆ. ಹಿಟ್ಟು ಜರಡಿ ಹಿಡಿಯುವುದು, ಎಸರು ಇಟ್ಟು ನಾದುವುದು, ರೊಟ್ಟಿ ಆರಿಸುವುದು, ಎಣಿಸಿ ಕಟ್ಟುವುದಕ್ಕೆ ಇನ್ನೂ 2 ಗಂಟೆ. ಒಟ್ಟು 7 ಗಂಟೆಗೆ 430 ರೂ. ಎಂದರೆ ಗಂಟೆಗೆ 61 ರೂಪಾಯಿ.

ಇಲ್ಲಿ ನಾವು ಚೌಕಾಸಿ ಮಾಡಿ 10 ರೂಪಾಯಿಯ ರೊಟ್ಟಿಯನ್ನು 8ಕ್ಕೆ ಕೇಳಿದೆವೆನ್ನಿ. 95 ರೊಟ್ಟಿಗೆ ಬರುವುದು 760 ರೂ. ಖರ್ಚು ಅದೇ 520. ಉಳಿಯುವುದು 240. ರೊಟ್ಟಿಯ ದರ ಇಳಿದದ್ದು ಐದರಲ್ಲಿ ಒಂದು ಪಾಲು, ಆ ತಾಯಿಯ ಕೂಲಿ ಇಳಿದದ್ದು ಹತ್ತಿರ ಹತ್ತಿರ ಅರ್ಧ. ಹಿಟ್ಟಿನವನು ಬಿಡುವುದಿಲ್ಲ, ಗ್ಯಾಸಿನವನು ಬಿಡುವುದಿಲ್ಲ. ನಾವು ಬಿಡಿಸಿಕೊಂಡ ಎರಡು ರೂಪಾಯಿ ಪೂರ್ತಿ ಅವರ ಕೂಲಿಯಿಂದಲೇ ಹೋಗುತ್ತದೆ. 10 ರೂಪಾಯಿಗೇ ಮಾರಿದರೂ ಅಂಗಡಿಯಲ್ಲಿ ಇಟ್ಟು ಮಾರುವಾಗ ಅಂಗಡಿಯವರು ನೂರಕ್ಕೆ 20ರಂತೆ ಹಿಡಿದುಕೊಂಡರೆ, ಆಗಲೂ ಕೈಗೆ ಬರುವುದು ಅದೇ 240. ಆಂಧ್ರಪ್ರದೇಶದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 2024-25ರಲ್ಲಿ 300 ರೂಪಾಯಿ ಇತ್ತು. ಹೋಲಿಸಿ ನೋಡಿ.

ಚಟ್ನಿ ಪುಡಿಯ ಲೆಕ್ಕದಲ್ಲಿ ಕೂಲಿಗಿಂತ ಸಾಮಾನಿನ ಪಾಲು ಹೆಚ್ಚು. ಶೇಂಗಾ ಆರಿಸಿ, ಹುರಿದು, ಸಿಪ್ಪೆ ತೆಗೆದರೆ ತೂಕ ಇಳಿಯುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಎರಡು ಮೆಣಸಿನಕಾಯಿ ಬೇಕು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ದರ ಹೆಚ್ಚು. ಅಗ್ಗದ ಪುಡಿಯಲ್ಲಿ ಶೇಂಗಾ ಕಡಿಮೆಯಾಗಿ ಪುಟಾಣಿ ಹೆಚ್ಚಾಗಿರುತ್ತದೆ. ಪುಟಾಣಿ ಕೆಟ್ಟದ್ದಲ್ಲ, ಆದರೆ ಹೆಸರು ಶೇಂಗಾ ಚಟ್ನಿ ಎಂದಿರಬಾರದು.

ಪತ್ತಿಕೊಂಡದ ಟೊಮ್ಯಾಟೊ

ಪತ್ತಿಕೊಂಡ ಎಂದರೆ ಟೊಮ್ಯಾಟೊ ಮಾರುಕಟ್ಟೆ. ದರ ಬಿದ್ದ ವರ್ಷ ರೈತರು ಬಾಡಿಗೆಯೂ ಹುಟ್ಟದೆಂದು ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗುವುದನ್ನು ಎಲ್ಲರೂ ಕಂಡಿದ್ದೇವೆ. ಸಂಸ್ಕರಣಾ ಘಟಕ ಬೇಕೆಂಬ ಬೇಡಿಕೆ ಹಳೆಯದು. ಮನೆತಿಂಡಿ ಮಾಡುವವರು ಅಷ್ಟು ದೊಡ್ಡ ಸಮಸ್ಯೆ ಬಗೆಹರಿಸಲಾರರು. ಆದರೂ ಹಣ್ಣು ಅಗ್ಗವಿದ್ದಾಗ ಉಪ್ಪು ಹಚ್ಚಿ ಬಿಸಿಲಿಗೆ ಒಣಗಿಸಿ, ಹುಣಸೆಹಣ್ಣು ಕೂಡಿಸಿ ತೊಕ್ಕು ಹಾಕಿದರೆ ವರ್ಷವಿಡೀ ಮಾರಬಹುದು. ಟೊಮ್ಯಾಟೊದಲ್ಲಿ ನೂರಕ್ಕೆ 94 ಪಾಲು ನೀರು. 10 ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ ಕೂಡ ಉಳಿಯುವುದಿಲ್ಲ. ತೊಕ್ಕಿನ ಬಾಟಲಿಯ ದರ ನೋಡಿ ಹಣ್ಣಿನ ದರಕ್ಕೆ ಹೋಲಿಸುವವರು ಇದನ್ನು ಗಮನದಲ್ಲಿಡಬೇಕು.

ಕೊಳ್ಳುವಾಗ ನೋಡಬೇಕಾದ್ದು

ಮನೆಯಲ್ಲಿ ಮಾಡಿದ್ದೆಲ್ಲ ಒಳ್ಳೆಯದೇ ಎಂದು ನಾವು ಹೇಳುವುದಿಲ್ಲ. ದರ ಕೊಡುವವರಿಗೆ ಪರೀಕ್ಷಿಸುವ ಹಕ್ಕೂ ಇದೆ.

1. ಪೊಟ್ಟಣದ ಮೇಲೆ ಮಾಡಿದ ದಿನ, ಬಳಸಬೇಕಾದ ಕೊನೆಯ ದಿನ, ತೂಕ, ಹಾಕಿದ ಸಾಮಾನು, ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ಆ ಸಂಖ್ಯೆ 14 ಅಂಕಿಯದು.

2. ಶೇಂಗಾ, ಗುರೆಳ್ಳು, ಅಗಸಿ ಎಣ್ಣೆಕಾಳುಗಳು. ಇವುಗಳ ಪುಡಿ ಹಳತಾದರೆ ಕಮಟು ವಾಸನೆ ಬರುತ್ತದೆ. ಅಂಥದ್ದನ್ನು ಹಿಂದಿರುಗಿಸಬೇಕು. ಕಾಲು ಕಿಲೋ, ಅರ್ಧ ಕಿಲೋ ಒಯ್ದು ತಿಂಗಳೊಳಗೆ ಮುಗಿಸುವುದು ಲೇಸು.

3. ತೇವ ಹಿಡಿದು ಬೂಷ್ಟು ಬಂದ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಅದು ಪಿತ್ತಜನಕಾಂಗಕ್ಕೆ ಕೇಡು. ಹುರಿದರೂ ಪೂರ್ತಿ ಹೋಗುವುದಿಲ್ಲ. ಕಾಳನ್ನು ಕೈಯಿಂದ ಆರಿಸುತ್ತೀರಾ ಎಂದು ಕೇಳಲು ಸಂಕೋಚ ಬೇಡ.

4. ಖಾರದ ಪುಡಿಯನ್ನು ಗಾಜಿನ ಲೋಟದ ನೀರಿನ ಮೇಲೆ ಉದುರಿಸಿ. ಕೂಡಲೇ ಬಣ್ಣದ ಗೆರೆಗಳು ಕೆಳಗಿಳಿದರೆ ಕೃತಕ ಬಣ್ಣ ಬೆರೆಸಿದ್ದಾರೆಂದು ಅನುಮಾನಿಸಬೇಕು.

5. ಬಿ.ಪಿ. ಇರುವವರಿಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲಿ ಮಾಡಿದ್ದಾದರೂ ಉಪ್ಪು ಉಪ್ಪೇ.

ಮಾಡಿ ಮಾರುವವರಿಗೆ

ಮನೆಯಲ್ಲಿ ಮಾಡಿ ಮಾರಿದರೂ ಆಹಾರ ಸುರಕ್ಷತಾ ಕಾಯ್ದೆ, 2006ರಂತೆ ನೋಂದಣಿ ಬೇಕು. 2011ರ ನಿಯಮಾವಳಿಯಲ್ಲಿ ವರ್ಷದ ವಹಿವಾಟು 12 ಲಕ್ಷ ರೂಪಾಯಿ ಮೀರದವರನ್ನು ಸಣ್ಣ ವ್ಯಾಪಾರಿಗಳೆಂದು ಪರಿಗಣಿಸಿ ವರ್ಷಕ್ಕೆ 100 ರೂಪಾಯಿ ಶುಲ್ಕ ಇಟ್ಟರು. ಇಂಥ ಮಿತಿಗಳು, ಶುಲ್ಕಗಳು ಪರಿಷ್ಕರಣೆ ಆಗುತ್ತಿರುತ್ತವೆ. ಅರ್ಜಿ ಹಾಕುವ ದಿನ ಫೋಸ್ಕೋಸ್ ಜಾಲತಾಣದಲ್ಲಿ ನೋಡಿಕೊಳ್ಳಿ. ಫೋಟೋ ಮತ್ತು ಗುರುತಿನ ಚೀಟಿ ಸಿದ್ಧವಿಟ್ಟುಕೊಂಡರೆ ಕೆಲಸ ಸುಲಭ.

ಕಿರು ಆಹಾರ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲ ಪಡೆದು ಕೊಳ್ಳುವ ಯಂತ್ರ, ಉಪಕರಣಗಳ ವೆಚ್ಚಕ್ಕೆ ನೂರಕ್ಕೆ 35ರಂತೆ, 10 ಲಕ್ಷ ರೂಪಾಯಿ ಮೀರದ ಸಹಾಯಧನ ಇಟ್ಟರು. ಸ್ವಸಹಾಯ ಗುಂಪಿನ ಸದಸ್ಯೆಗೆ 40,000 ರೂಪಾಯಿವರೆಗೆ ಮೂಲ ಬಂಡವಾಳವನ್ನೂ ಇಟ್ಟರು. ಡ್ವಾಕ್ರಾ ಗುಂಪಿನಲ್ಲಿರುವ ಅಕ್ಕಂದಿರು ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮಂಡಲದ ವೆಲುಗು ಕಚೇರಿಯಲ್ಲೋ ತಮ್ಮ ಬ್ಯಾಂಕಿನಲ್ಲೋ ವಿಚಾರಿಸಬೇಕು.

ಇನ್ನೊಂದು ಸೂಚನೆ. ದರ ಕಟ್ಟುವಾಗ ಸಾಮಾನು, ಗ್ಯಾಸು ಬರೆದು ತಮ್ಮ ಕೂಲಿ ಬರೆಯದೆ ಬಿಡುವವರೇ ಹೆಚ್ಚು. ಮೊದಲ ಸಾಲಿನಲ್ಲಿ ಕೂಲಿ ಬರೆಯಿರಿ.

ಸದಸ್ಯರಲ್ಲಿ ವಿನಂತಿ

ಎಲ್ಲರಿಗೂ ಪ್ರತಿ ವಾರ ಈ ದರ ಕೊಡಲಾಗುವುದಿಲ್ಲ, ಅದು ನಮಗೂ ತಿಳಿದಿದೆ. ಪಿಂಚಣಿಯಲ್ಲಿ ಬದುಕುವವರೇ ನಮ್ಮಲ್ಲಿ ಬಹಳ. ಆದ್ದರಿಂದ ಹೆಚ್ಚು ಕೊಳ್ಳಿ ಎಂದು ಕೇಳುತ್ತಿಲ್ಲ. ಕೊಳ್ಳುವಷ್ಟನ್ನು ನಗದಿಗೆ ಕೊಳ್ಳಿ. ದಸರಾ, ಸಂಕ್ರಾಂತಿಗೆ ಮಾತ್ರ ಐವತ್ತು ಹೋಳಿಗೆ ಕೇಳುವ ಬದಲು ತಿಂಗಳಿಗೊಮ್ಮೆ ಹತ್ತು ರೊಟ್ಟಿ, ಕಾಲು ಕಿಲೋ ಪುಡಿ ಹೇಳಿ. ಹಬ್ಬದ ಆರ್ಡರು ಇದ್ದರೆ ವಾರ ಮೊದಲೇ ತಿಳಿಸಿ ಮುಂಗಡ ಕೊಡಿ. ಸಾಲದ ಪುಸ್ತಕ ಉದ್ದವಾದ ಕಾರಣಕ್ಕೆ ಮುಚ್ಚಿದ ಅಂಗಡಿಗಳು ನಮ್ಮ ಊರುಗಳಲ್ಲೇ ಇವೆ.

ನಿಮ್ಮ ಊರಿನಲ್ಲಿ ರೊಟ್ಟಿ, ಪುಡಿ, ಹೋಳಿಗೆ, ತೊಕ್ಕು ಮಾಡಿ ಮಾರುವವರಿದ್ದರೆ ಅವರ ಒಪ್ಪಿಗೆ ಪಡೆದು ವಿವರವನ್ನು ಸಂಘಕ್ಕೆ ತಿಳಿಸಿ. ಊರುವಾರು ಪಟ್ಟಿ ಮಾಡಿ ಈ ಪುಟದಲ್ಲಿ ಹಾಕುತ್ತೇವೆ. ಪಟ್ಟಿಗೆ ಶುಲ್ಕವಿಲ್ಲ. ಸಂಘದ ಕಾರ್ಯಕ್ರಮಗಳ ಊಟಕ್ಕೂ ಸಾಧ್ಯವಾದಷ್ಟು ಇವರಿಂದಲೇ ತರಿಸಿ, ಹಣವನ್ನು ಅದೇ ದಿನ ಕೊಡುವುದೆಂದು ನಮ್ಮ ವಿಚಾರ. ಈ ಬಗ್ಗೆ ಸದಸ್ಯರ ಅಭಿಪ್ರಾಯ ಬರಲಿ.

– ಕಾರ್ಯದರ್ಶಿ