ರಾತ್ರಿ ಎರಡು ಗಂಟೆಯ ಸರದಿ

ಗುಡೂರು, ಹುನಗುಂದ, ಇಳಕಲ್ಲ ಕಡೆಯ ರೈತರಿಗೆ ಅಪರಾತ್ರಿಯ ಪಾಳಿ ಹೊಸದಲ್ಲ. ತ್ರೀಫೇಸ್ ಕರೆಂಟು ಬಂದಾಗ ಎದ್ದು ಹೋಗಿ ಪಂಪ್‌ಸೆಟ್ ಚಾಲೂ ಮಾಡಬೇಕು. ಎಲ್ಲರೂ ಒಮ್ಮೆಗೇ ಎಳೆದರೆ ಟಿ.ಸಿ. ಸುಡುತ್ತದೆ, ಅದಕ್ಕೇ ಸರದಿ. ಎಸ್‌ಟಿಡಿ ಬೂತ್‌ಗಳ ಕಾಲದಲ್ಲಿ ದೂರವಾಣಿಗೂ ಇಂಥದೇ ಸರದಿಯಿತ್ತು. ರಾತ್ರಿ 11ರ ನಂತರ ಕಾಲು ದರ. ಗಾಜಿನ ಪೆಟ್ಟಿಗೆಯ ಮುಂದೆ ಜನ ಸಾಲುಗಟ್ಟುತ್ತಿದ್ದುದು ಆಗಲೇ.

2005ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದ ಬಿಎಸ್‌ಎನ್‌ಎಲ್ ಮುಂದೆ ಇದೇ ಹಳೆಯ ಉಪಾಯಕ್ಕೆ ಮೊರೆಹೋಯಿತು. ತಿಂಗಳಿಗೆ ಇಷ್ಟೇ ಎಂಬ ಮಿತಿಯಿದ್ದ ಕೆಲವು ಯೋಜನೆಗಳಲ್ಲಿ ನಸುಕಿನ 2ರಿಂದ 8ರವರೆಗೆ ಮಿತಿಯೇ ಇರಲಿಲ್ಲ. ಅಲಾರಂ ಇಟ್ಟು ಏಳುವ ಹೊಸದೊಂದು ವರ್ಗ ಹುಟ್ಟಿಕೊಂಡಿತು. ಇವರಲ್ಲಿ ಅನೇಕರ ಸೆಳೆತ ಟೊರೆಂಟ್.

ಅಮೆರಿಕದ ಬ್ರಾಮ್ ಕೋಹೆನ್ 2001ರಲ್ಲಿ ರೂಪಿಸಿದ ಬಿಟ್‌ಟೊರೆಂಟ್ ನಮ್ಮ ಮುಯ್ಯಾಳಿನ ಲೆಕ್ಕವೇ. ಕಡತವನ್ನು ಚೂರುಚೂರು ಮಾಡಿ, ನೀನು ನನಗೊಂದು ಚೂರು ಕೊಟ್ಟರೆ ನಾನು ನಿನಗೊಂದು ಎಂಬ ವ್ಯವಹಾರ. ದೊಡ್ಡ ಕಣಜವೇ ಬೇಡ. ಕಂಪನಿಗಳಿಗೆ ತಲೆನೋವಾದದ್ದೂ ಇದೇ. ಸಂಪರ್ಕಗಳ ನಡುವೆ ದಾರಿ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗುತ್ತದೆ. ಒಂದು ಸಂಪರ್ಕದಲ್ಲಿ ಪತ್ರ ಓದುವವನಿಗೆ ಒಂದು ಪಾಲಾದರೆ, ಟೊರೆಂಟ್‌ನವನು ನಲವತ್ತು ಸಂಪರ್ಕ ತೆರೆದು ನಲವತ್ತು ಪಾಲು ಪಡೆಯುತ್ತಾನೆ. ಮನೆಯಿಂದ ಹೊರಗೆ ಕಳಿಸುವ ದಾರಿಯಂತೂ ಮೊದಲೇ ಕಿರಿದು.

ಕಂಪನಿಗಳು ಮೊದಲು ಟೊರೆಂಟ್ ಬಳಸುವ ಪೋರ್ಟ್‌ಗಳನ್ನು ಮುಚ್ಚಿದವು. ತಂತ್ರಾಂಶ ಬೇರೆ ಪೋರ್ಟ್ ಹಿಡಿಯಿತು. ಪೊಟ್ಟಣ ಬಿಚ್ಚಿ ನೋಡತೊಡಗಿದವು, ಒಳಗಿನದು ಗೂಢಲಿಪಿಯಾಯಿತು. ಅಮೆರಿಕದ ಕಾಮ್‌ಕ್ಯಾಸ್ಟ್ ಎಲ್ಲೆ ಮೀರಿತು. ಮಾತಾಡುತ್ತಿರುವ ಇಬ್ಬರಿಗೂ ಎದುರಿನವನೇ ಫೋನ್ ಇಟ್ಟನೆಂದು ಅನಿಸುವಂಥ ನಕಲಿ ಸಂದೇಶ ಕಳಿಸುತ್ತಿದ್ದುದು 2007ರಲ್ಲಿ ಬಯಲಾಯಿತು. ದಟ್ಟಣೆ ತಡೆಯುವುದು ಬೇರೆ, ಗ್ರಾಹಕನಿಗೆ ಸುಳ್ಳು ಹೇಳುವುದು ಬೇರೆ. ಅಲ್ಲಿನ ನಿಯಂತ್ರಣ ಆಯೋಗ 2008ರ ಆಗಸ್ಟ್‌ನಲ್ಲಿ ಇದು ತಪ್ಪೆಂದಿತು. 2010ರಲ್ಲಿ ನ್ಯಾಯಾಲಯ, ಆಯೋಗಕ್ಕೆ ಆ ಅಧಿಕಾರವೇ ಇಲ್ಲವೆಂದು ಆದೇಶವನ್ನು ತಳ್ಳಿಹಾಕಿತು.

ಭಾರತದಲ್ಲಿ 2012ರಲ್ಲಿ ಸಿನಿಮಾ ನಕಲು ತಡೆಯಲು ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶವನ್ನು ಹಿಡಿದು ಕಂಪನಿಗಳು ಇಡೀ ತಾಣಗಳಿಗೇ ಬೀಗ ಜಡಿದವು. ನಿರ್ದಿಷ್ಟ ಪುಟಗಳನ್ನಷ್ಟೇ ತಡೆಯಬೇಕೆಂದು ಕೋರ್ಟ್ ಜೂನ್‌ನಲ್ಲಿ ಸ್ಪಷ್ಟಪಡಿಸಬೇಕಾಯಿತು. 2018ರ ಜುಲೈನಲ್ಲಿ ದೂರಸಂಪರ್ಕ ಆಯೋಗ ಒಪ್ಪಿದ ತತ್ವದಂತೆ ಸಂಚಾರದಲ್ಲಿ ತಾರತಮ್ಯ ಸಲ್ಲದು. ದಟ್ಟಣೆ ನಿರ್ವಹಣೆಗೆ ಅವಕಾಶವುಂಟು. ಆದರೆ ಅದು ಅಗತ್ಯದಷ್ಟೇ ಇರಬೇಕು, ತಾತ್ಕಾಲಿಕವಾಗಿರಬೇಕು, ಗ್ರಾಹಕನಿಗೆ ತಿಳಿದಿರಬೇಕು.

ಅಷ್ಟರಲ್ಲಿ ಟೊರೆಂಟ್‌ನವರೇ ಬೇರೊಂದು ದಾರಿ ಹುಡುಕಿಕೊಂಡಿದ್ದರು. 2012ರಲ್ಲಿ ಪ್ರಕಟವಾದ ಲೆಡ್‌ಬ್ಯಾಟ್ ಎಂಬ ವಿಧಾನದಲ್ಲಿ, ಪೊಟ್ಟಣಗಳು ತಲುಪಲು ಎಷ್ಟು ತಡವಾಗುತ್ತಿದೆ ಎಂಬುದನ್ನು ತಂತ್ರಾಂಶವೇ ಅಳೆಯುತ್ತದೆ. ತಡ ಹೆಚ್ಚಿತೆಂದರೆ ತನ್ನ ವೇಗ ತಗ್ಗಿಸಿ ಪಕ್ಕಕ್ಕೆ ಸರಿಯುತ್ತದೆ; ದಾರಿ ತೆರವಾದೊಡನೆ ಮತ್ತೆ ಹೊರಡುತ್ತದೆ.