ಹಿರಿಯ ಪ್ರಾಥಮಿಕ ಹಂತದಲ್ಲಿ ಆರೋಗ್ಯ ಶಿಕ್ಷಣ: ಬಸವಕಲ್ಯಾಣ, ಹುಮನಾಬಾದ

ದೇಹ, ಆಹಾರ, ಶುಚಿತ್ವ, ರೋಗ ಮತ್ತು ಹದಿಹರೆಯದ ಬಗ್ಗೆ ಶಾಲೆಯಲ್ಲೇ ಕೊಡುವ ತಿಳಿವಳಿಕೆಗೆ ಆರೋಗ್ಯ ಶಿಕ್ಷಣ ಎಂದು ಹೆಸರು. ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳ 6ರಿಂದ 8ನೇ ತರಗತಿಗಳಲ್ಲಿ ಅದು ಪ್ರತ್ಯೇಕ ವಿಷಯವಾಗಿ ಬೆಳೆಯಲಿಲ್ಲ. ವಿಜ್ಞಾನದ ಪಾಠ, ಆಟದ ಪಿರಿಯಡ್, ಮಧ್ಯಾಹ್ನದ ಊಟ, ಗುಳಿಗೆ ಹಂಚುವ ದಿನ ಹೀಗೆ ಹಲವು ಬಾಗಿಲುಗಳಿಂದ ಒಳಬಂತು. ಇಲ್ಲಿ ಪುಸ್ತಕಕ್ಕಿಂತ ಮೊದಲು ಬಂದದ್ದು ತಟ್ಟೆ.

1948ರವರೆಗೆ ಈ ಸೀಮೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಆಗ ಕಲ್ಯಾಣಿ ಎಂದೇ ಹೆಸರಾಗಿದ್ದ ಬಸವಕಲ್ಯಾಣ ನವಾಬರ ಜಹಗೀರು. ಜಹಗೀರುಗಳು ರದ್ದಾದದ್ದು 1949ರಲ್ಲಿ. ಅಲ್ಲಿಯವರೆಗೆ ಒಂದು ಹಳ್ಳಿಗೆ ಸಾಲಿ ಬರುವುದು ಬಿಡುವುದು ಬಹುಮಟ್ಟಿಗೆ ಜಹಗೀರುದಾರರ ಮನಸ್ಸಿಗೆ ಬಿಟ್ಟದ್ದು. ಸರ್ಕಾರಿ ಶಾಲೆಗಳ ಮೆಟ್ಟಿಲುಗಳಿಗೆ ಉರ್ದು ಹೆಸರುಗಳಿದ್ದವು: ಪ್ರಾಥಮಿಕಕ್ಕೆ ತಹ್ತಾನಿಯಾ, ನಡುವಿನ ಹಂತಕ್ಕೆ ವಸ್ತಾನಿಯಾ, ಹೈಸ್ಕೂಲಿಗೆ ಫೌಖಾನಿಯಾ. ನೈರ್ಮಲ್ಯ ವಿಷಯಕ್ಕೆ ಉರ್ದುವಿನ ಮಾತು ಹಿಫ್ಜಾನೆ ಸೇಹತ್. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುತ್ತಿದ್ದ ಹುಡುಗನಿಗೆ ಜಳಕ, ನೀರು, ನೊಣದಂಥ ದಿನದ ಸಂಗತಿಗಳೂ ಪರಭಾಷೆಯ ಪಾಠವಾಗಿದ್ದವು. ಅತ್ತ ಹಳೆ ಮೈಸೂರಿನಲ್ಲಿ 1920–30ರ ದಶಕಗಳಲ್ಲೇ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಗ್ರಾಮಾರೋಗ್ಯದ ಪ್ರಯೋಗಗಳು ನಡೆದಿದ್ದವು. ಬರೋಡ ಸಂಸ್ಥಾನದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಆರಂಭವಾದದ್ದು ಇನ್ನೂ ಹಿಂದೆ, 1909ರಲ್ಲಿ.

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಒಡೆಯಿತು. ಉದಗೀರ, ನಿಲಂಗಾ ಕಡೆಯ ಭಾಗ ಮುಂಬಯಿ ರಾಜ್ಯಕ್ಕೂ ಜಹೀರಾಬಾದ್, ನಾರಾಯಣಖೇಡ ಕಡೆಯದು ಆಂಧ್ರ ಪ್ರದೇಶಕ್ಕೂ ಹೋದವು. ಬಸವಕಲ್ಯಾಣ, ಹುಮನಾಬಾದ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕನ್ನಡ ಶಾಲೆಗಳ ಜತೆಗೆ ಮರಾಠಿ ಮತ್ತು ಉರ್ದು ಮಾಧ್ಯಮದ ಶಾಲೆಗಳೂ ಉಳಿದವು. ಹಾಗಾಗಿ ಆರೋಗ್ಯದ ಯಾವುದೇ ಹೊಸ ಪಾಠ ಇಲ್ಲಿನ ಎಲ್ಲ ಮಕ್ಕಳನ್ನೂ ಮುಟ್ಟಬೇಕಾದರೆ ಮೂರು ಭಾಷೆಗಳಲ್ಲಿ ಅಚ್ಚಾಗಬೇಕು.

ರಾಷ್ಟ್ರಮಟ್ಟದಲ್ಲಿ ಶಿಫಾರಸುಗಳಿಗೆ ಕೊರತೆ ಇರಲಿಲ್ಲ. 1946ರ ಭೋರ್ ಸಮಿತಿ ಶಾಲಾ ಆರೋಗ್ಯ ಸೇವೆಯ ಅಗತ್ಯವನ್ನು ಹೇಳಿತ್ತು. ರೇಣುಕಾ ರೇ ಅಧ್ಯಕ್ಷತೆಯ ಶಾಲಾ ಆರೋಗ್ಯ ಸಮಿತಿ 1961ರಲ್ಲಿ ವರದಿ ಕೊಟ್ಟಿತು. 1964–66ರ ಕೊಠಾರಿ ಆಯೋಗವೂ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಪಠ್ಯಕ್ರಮದಲ್ಲಿ ಜಾಗ ಕೊಟ್ಟಿತು. ಆದರೆ ಅಂಕದ ಪಟ್ಟಿಯಲ್ಲಿ ಹಿಂದೆ ಬಿದ್ದ ವಿಷಯ ವೇಳಾಪಟ್ಟಿಯಲ್ಲೂ ಹಿಂದೆ ಬೀಳುತ್ತದೆ. ಆರೋಗ್ಯದ ಪಾಠ ಪಿ.ಟಿ. ಮಾಸ್ತರರ ಪಾಲಿಗೆ ಬಂತು. ಅವರಿಲ್ಲದ ಶಾಲೆಯಲ್ಲಿ ಯಾರ ಪಾಲಿಗೂ ಬರಲಿಲ್ಲ.

ಪುಸ್ತಕದ ಹೊರಗೆ ಕಲಿಸಿದ ಆರೋಗ್ಯ ಪಾಠಕ್ಕೆ ನಾರುಹುಣ್ಣು ಒಳ್ಳೆಯ ನಿದರ್ಶನ. ರೋಗಿ ಮೆಟ್ಟಿಲುಬಾವಿಗೆ ಇಳಿದರೆ ಕಾಲಿನ ಹುಣ್ಣಿನಿಂದ ಹುಳದ ಮರಿಗಳು ನೀರಿಗೆ ಸೇರುತ್ತವೆ. ಅವನ್ನು ನುಂಗಿದ ಸೂಕ್ಷ್ಮ ಜಲಜೀವಿಗಳು ಕುಡಿಯುವ ನೀರಿನೊಂದಿಗೆ ಇನ್ನೊಬ್ಬರ ಹೊಟ್ಟೆ ಸೇರುತ್ತವೆ. ಸುಮಾರು ಒಂದು ವರ್ಷದ ನಂತರ ಎಳೆಯಂಥ ಉದ್ದನೆಯ ಹುಳ ಚರ್ಮ ಸೀಳಿ ಹೊರಬರುತ್ತದೆ. ಈ ರೋಗಕ್ಕೆ ಲಸಿಕೆಯೂ ಇಲ್ಲ, ಗುಣಪಡಿಸುವ ಔಷಧಿಯೂ ಇಲ್ಲ. ಬಾವಿಗೆ ಇಳಿಯದೆ ಮೇಲಿಂದಲೇ ಸೇದುವುದು, ನೀರನ್ನು ಬಟ್ಟೆಯಲ್ಲಿ ಸೋಸುವುದು, ಬೋರ್‌ವೆಲ್ ನೀರು ಬಳಸುವುದು, ಇವೇ ಮುಖ್ಯ ಉಪಾಯಗಳು. ಇದು ಹರಡಿದ್ದ 7 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1980ರ ದಶಕದಲ್ಲಿ ಆರಂಭವಾದ ನಿರ್ಮೂಲನ ಕಾರ್ಯಕ್ರಮ ಬಹುಪಾಲು ಜನರ ನೀರಿನ ರೂಢಿ ಬದಲಿಸಿಯೇ ಗೆದ್ದಿತು. ದೇಶದ ಕೊನೆಯ ಪ್ರಕರಣ 1996ರದು. 2000ದಲ್ಲಿ ಭಾರತ ನಾರುಹುಣ್ಣುಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢೀಕರಿಸಿತು.

ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಬಸವಕಲ್ಯಾಣ, ಹುಮನಾಬಾದ ಎರಡನ್ನೂ ಹಿಂದುಳಿದ ತಾಲೂಕುಗಳಲ್ಲಿ ಎಣಿಸಿತು. ಅದೇ ವರ್ಷ ಬಿಸಿಯೂಟ ಬಂತು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಆದೇಶಿಸಿತ್ತು. ಕರ್ನಾಟಕ ಮೊದಲು ಆರಿಸಿದ್ದು ಬೀದರ ಸೇರಿದಂತೆ ಈಶಾನ್ಯದ 7 ಜಿಲ್ಲೆಗಳನ್ನು. ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರಿಟ್ಟರು. ದಾಸೋಹದ ಕಲ್ಪನೆ ಬೆಳೆದದ್ದೇ 12ನೇ ಶತಮಾನದ ಕಲ್ಯಾಣದ, ಅಂದರೆ ಇದೇ ಬಸವಕಲ್ಯಾಣದ, ಶರಣರಲ್ಲಿ. ಸರ್ಕಾರಿ ಯೋಜನೆಯೊಂದಕ್ಕೆ ಹೆಸರು ಇಷ್ಟು ಚೆನ್ನಾಗಿ ಹೊಂದುವುದು ಅಪರೂಪ. ಮೊದಲು 1ರಿಂದ 5ನೇ ತರಗತಿಗಿದ್ದ ಊಟ 2004ರಲ್ಲಿ 6 ಮತ್ತು 7ಕ್ಕೂ ವಿಸ್ತರಿಸಿತು. ಊಟಕ್ಕೆ ಮೊದಲು ಸಾಲಾಗಿ ನಿಂತು ಕೈ ತೊಳೆಯುವುದು, ಜಾತಿ ನೋಡದೆ ಒಂದೇ ಪಂಕ್ತಿಯಲ್ಲಿ ಕೂರುವುದು ದಿನಚರಿಯ ಪಾಠಗಳಾದವು. ಕ್ಷೀರಭಾಗ್ಯದ ಹಾಲು 2013ರ ಆಗಸ್ಟಿನಲ್ಲಿ ಸೇರಿತು.

ಆ ಹೊತ್ತಿಗೆ ಗುಳಿಗೆಗಳೂ ಬಂದಿದ್ದವು. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಗುಳಿಗೆ 6ನೇ ತರಗತಿಯಿಂದ ಮೇಲಿನವರಿಗೆ. ಜಂತುಹುಳಕ್ಕೆ ಅಗಿದು ನುಂಗುವ 400 ಮಿಲಿಗ್ರಾಂ ಅಲ್ಬೆಂಡಜೋಲ್, ಮಕ್ಕಳ ಬಾಯಲ್ಲಿ ‘ಹುಳದ ಗುಳಿಗಿ’. ಕಬ್ಬಿಣದ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ತಗೊಂಡರೆ ವಾಕರಿಕೆ ಬರಬಹುದು, ಮಲ ಕಪ್ಪಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮಗು ಮುಂದಿನ ವಾರ ಗುಳಿಗೆಯನ್ನು ಮುಷ್ಟಿಯಲ್ಲಿ ಮುಚ್ಚಿಟ್ಟು ಕಿಟಕಿಯಾಚೆ ಎಸೆಯುತ್ತದೆ. ರಕ್ತಹೀನತೆ ಎಂದರೇನು ಎಂಬ ಎರಡು ಮಾತು ಗುಳಿಗೆಯ ಜತೆ ಹೋಗದಿದ್ದರೆ ಹಂಚಿಕೆ ವಹಿಯಲ್ಲಷ್ಟೇ ಪೂರ್ತಿಯಾಗುತ್ತದೆ.

ತಡೆದು ನಿಂತ ಭಾಗ ಹದಿಹರೆಯದ್ದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು 10ನೇ ತರಗತಿಯವರೆಗೆ ಕಡ್ಡಾಯ ವಿಷಯವಾಗಿಸಬೇಕೆಂದಿತು. ಅದೇ ವರ್ಷದ ಹದಿಹರೆಯ ಶಿಕ್ಷಣ ಕಾರ್ಯಕ್ರಮದ ಚಿತ್ರಗಳು ಮತ್ತು ಮಾತುಗಳಿಗೆ ವಿರೋಧವೆದ್ದು, 2007ರಲ್ಲಿ ಅದನ್ನು ತಡೆದ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತು. ಆದರೆ ಮುಟ್ಟು ಸರ್ಕಾರಿ ಆದೇಶಕ್ಕೆ ಕಾಯುವುದಿಲ್ಲ. 6–7ನೇ ತರಗತಿಯ ಎಷ್ಟೋ ಹುಡುಗಿಯರಿಗೆ ಅದು ಶಾಲೆಯಲ್ಲಿದ್ದಾಗಲೇ ಶುರುವಾಗುತ್ತದೆ. ಸ್ಯಾನಿಟರಿ ಪ್ಯಾಡ್ ಹಂಚುವ ಶುಚಿ ಯೋಜನೆ ಈ ಮೌನವನ್ನು ಸ್ವಲ್ಪ ಮುರಿಯಿತು, ಅದೂ ನಡುವೆ ಕೆಲಕಾಲ ನಿಂತುಹೋಯಿತು. 6ರಿಂದ 8ನೇ ತರಗತಿಯ ಹೆಣ್ಣುಮಕ್ಕಳಿಗಾಗಿ 2004ರಲ್ಲಿ ರೂಪುಗೊಂಡ ಕಸ್ತೂರಬಾ ಗಾಂಧಿ ವಸತಿ ಶಾಲೆಗಳಲ್ಲಿ ಈ ಮಾತಿಗೆ ಹೆಚ್ಚು ಎಡೆ ಸಿಕ್ಕಿತು. ರಾತ್ರಿಯೂ ಅಲ್ಲೇ ಉಳಿಯುವ ಹುಡುಗಿಯರ ನಡುವೆ ಅದನ್ನು ಮುಚ್ಚಿಡುವುದು ಕಷ್ಟ.

2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತದಡಿ ಶಾಲಾ ಆರೋಗ್ಯ ಕಾರ್ಯಕ್ರಮದ ಪಠ್ಯ ಹೊರಬಂತು. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಟ್ಟು, ಪೋಷಣೆ, ಮನಸ್ಸಿನ ಆರೋಗ್ಯ, ದುಶ್ಚಟ, ಇಂಟರ್ನೆಟ್ ಬಳಕೆ ಮುಂತಾದ 11 ವಿಷಯಗಳನ್ನು ಅವರ ಮೂಲಕ ಕಲಿಸುವುದು ಅದರ ಯೋಜನೆ. ಮರುತಿಂಗಳೇ ಕೋವಿಡ್‌ನಿಂದ ಶಾಲೆಗಳು ಮುಚ್ಚಿದವು.

ಶಾಲೆ ತೆರೆದ ಮೇಲೆ ಚರ್ಚೆ ಮತ್ತೆ ತಟ್ಟೆಗೇ ಬಂತು. 2021ರ ಡಿಸೆಂಬರಿನಲ್ಲಿ ಬೀದರವೂ ಸೇರಿ 7 ಜಿಲ್ಲೆಗಳ 1ರಿಂದ 8ನೇ ತರಗತಿಯ ಮಕ್ಕಳಿಗೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲಾರಂಭಿಸಿದರು. ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಕೆಂದು ಮಕ್ಕಳೇ ಬಹಿರಂಗವಾಗಿ ಮಾತಾಡಿದರು. 2022ರಲ್ಲಿ ಯೋಜನೆ ರಾಜ್ಯದುದ್ದಕ್ಕೂ ಹರಡಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ 6 ದಿನ ಮೊಟ್ಟೆ ಸಿಗುವಂತಾಯಿತು. 2025ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಲೈಂಗಿಕ ಶಿಕ್ಷಣದ ತರಗತಿಗಳನ್ನು ಘೋಷಿಸಿತು. ಆದರೆ ಅದು 8ರಿಂದ 12ನೇ ತರಗತಿಯವರಿಗೆ. 6 ಮತ್ತು 7ನೇ ತರಗತಿಯವರು ಅದರಲ್ಲಿ ಸೇರಿರಲಿಲ್ಲ.